‘ತೆರವುಗೊಳಿಸಿ’ ಎಂದು ಬರೆದವಳು ನಾನೇ

ಮೂರು ವಾರದ ಹಿಂದೆ, ಒಂದು ಶುಕ್ರವಾರ, ನನಗೊಂದು ಸಂಗತಿ ಗೊತ್ತಾಯಿತು. ನಾನು ಬರೆದ ಒಂದೇ ಒಂದು ಪದ, ಮುಖಪರಿಚಯವೂ ಇಲ್ಲದ ಒಬ್ಬ ಮನುಷ್ಯನ ಎಂಟು ತಿಂಗಳ ಕೆಲಸವನ್ನು ಅಳಿಸಿಹಾಕಿತ್ತು.

ಕೆಟ್ಟ ಪದವೇನಲ್ಲ. ಒಳ್ಳೆಯ, ಶುದ್ಧ ಕನ್ನಡ ಪದ. ಕಾಗುಣಿತವೂ ಸರಿಯಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು ಬರೆದ ಪದದಲ್ಲಿ ಕಾಗುಣಿತ ತಪ್ಪಿರುತ್ತದೆಯೇ? (ಈ ಜಂಬ ಇಳಿಯುವುದು ಮುಂದಿದೆ. ಸ್ವಲ್ಪ ತಾಳಿ.)

ನನ್ನ ಹಳೆಯ ವಿದ್ಯಾರ್ಥಿನಿ ರಮ್ಯಾ ಹೂಟಗಳ್ಳಿಯ ಒಂದು ಪುಟ್ಟ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಒಟ್ಟು ಎಂಟೇ ಜನ. ಕೆಳಗೆ ನಟ್ಟು ಬೋಲ್ಟು ತಯಾರಿಸುವ ವರ್ಕ್‌ಶಾಪ್, ಮೇಲಿನ ಮಹಡಿಯಲ್ಲಿ ಇವರು. ತಯಾರಿಸುವುದು ಚಿತ್ರ ಬರೆಯುವ ಸಾಫ್ಟ್‌ವೇರ್. ಟ್ಯಾಬ್ ಮೇಲೆ ಅದರದ್ದೇ ಪೆನ್ನು ಹಿಡಿದು ಚಿತ್ರ ಬರೆಯಬಹುದು, ಬಣ್ಣ ತುಂಬಬಹುದು, ಅಕ್ಷರ ತಿದ್ದಬಹುದು. ಬಟನ್ನುಗಳೆಲ್ಲ ಕನ್ನಡದಲ್ಲೇ ಇರಬೇಕೆಂಬುದು ಅವರ ಹಟ. ಅದಕ್ಕೊಬ್ಬರು ಕನ್ನಡ ಬಲ್ಲವರು ಬೇಕಿತ್ತು.

"ಮಿಸ್, ಬಟನ್ ಮೇಲಿನ ಪದಗಳು, ಆಮೇಲೆ ಸಹಾಯದ ಪುಟಗಳು. ಅಷ್ಟೇ. ನೀವು ಬರೆದಿದ್ದನ್ನೇ ಓದ್ಕೊಂಡು ಎಐ ಜನಕ್ಕೆ ಉತ್ತರ ಕೊಡುತ್ತೆ. ಅದಕ್ಕೂ ನೀವೇ ಪಾಠ ಮಾಡಿದ ಹಾಗೆ," ಎಂದಳು.

ಯಂತ್ರಕ್ಕೆ ಪಾಠ! ರಿಟೈರಾದ ಟೀಚರಿಗೆ ಇದಕ್ಕಿಂತ ದೊಡ್ಡ ಆಸೆ ತೋರಿಸಬೇಕೆ?

ದಟ್ಟಗಳ್ಳಿಯ ಮನೆಯಲ್ಲಿ ಊಟದ ಮೇಜಿನ ತುಂಬ ನಿಘಂಟು ಹರಡಿಕೊಂಡು ಕೂತೆ. ಫೈಲಿಗೆ ‘ಕಡತ’. ಲೇಯರಿಗೆ ‘ಪದರ’. ಬ್ರಷ್ಷಿಗೆ ‘ಕುಂಚ’. ಕ್ಲಿಯರ್ ಎನ್ನುವುದಕ್ಕೆ ‘ತೆರವುಗೊಳಿಸಿ’. ಒತ್ತುವರಿ ತೆರವುಗೊಳಿಸುತ್ತಾರಲ್ಲ, ಅದೇ ತೆರವು. ಎಷ್ಟು ಗಂಭೀರವಾಗಿದೆ ನೋಡಿ! ನಮ್ಮ ಯಜಮಾನರು ಇಣುಕಿ ನೋಡಿ, "ಅಳಿಸಿ ಅಂದ್ರೆ ಸಾಲ್ದಾ?" ಎಂದರು. ಅದು ಸ್ಲೇಟು ಬಳಪದ ಭಾಷೆ, ಇದು ಸಾಫ್ಟ್‌ವೇರ್ ಎಂದು ಅವರ ಬಾಯಿ ಮುಚ್ಚಿಸಿದೆ.

ಬರೆದುಕೊಟ್ಟೆ. ಅವರು ಹಾಕಿಕೊಂಡರು. ನಾನು ಮರೆತೆ.

ಆ ಶುಕ್ರವಾರ ರಮ್ಯಾ ಇನ್ನಷ್ಟು ಪುಟ ಬರೆಸಲು ನನ್ನನ್ನು ಆಫೀಸಿಗೆ ಕರೆದಿದ್ದಳು. ಕಾಫಿ ಬಂತು. "ನಿಮ್ಮ ಶಿಷ್ಯ ಹೇಗೆ ಉತ್ತರ ಕೊಡ್ತಾನೆ ನೋಡಿ ಮಿಸ್," ಎಂದು ಜನ ಎಐ ಜೊತೆ ನಡೆಸಿದ ಮಾತುಕತೆಗಳ ಪಟ್ಟಿಯನ್ನು ತೆರೆದಿಟ್ಟಳು. ಸಾಲು ಸಾಲು ಹಸಿರು ಟಿಕ್ಕು. ಪ್ರತಿ ಟಿಕ್ಕಿನ ಪಕ್ಕ ‘ಪರಿಹಾರವಾಗಿದೆ’. ಯಾರೋ ನವಿಲಿನ ಗರಿಗೆ ಬಣ್ಣ ಹೊರಚೆಲ್ಲದ ಹಾಗೆ ತುಂಬುವುದು ಹೇಗೆ ಎಂದು ಕೇಳಿದ್ದರು. ಉತ್ತರ ಸೊಗಸಾಗಿತ್ತು. ಇನ್ಯಾರೋ ಮದುವೆ ಕರೆಯೋಲೆಯ ಅಂಚಿಗೆ ಬಳ್ಳಿ ಕೇಳಿದ್ದರು. ಅದೂ ಸರಿ. ನಾನು ಕುರ್ಚಿಯಲ್ಲಿ ಇನ್ನಷ್ಟು ನೆಟ್ಟಗೆ ಕೂತೆ.

ಆಮೇಲೆ ಆ ಮಾತುಕತೆ ಸಿಕ್ಕಿತು. ನಾಲ್ಕು ದಿನದ ಹಿಂದಿನದು, ಸೋಮವಾರದ್ದು. ಮಾತಾಡಿದರೆ ತಾನೇ ಬರೆದುಕೊಳ್ಳುವ ಸೌಲಭ್ಯವಿದೆಯಲ್ಲ, ಹಾಗೆ ಬರೆಸಿದ್ದು.

"ನಾನು ಬೋರ್ಡ್ ಬರೆಯೋ ಸಿದ್ದರಾಜು. ನಾನ್ ಬರ್ದಿರೋ ಅಕ್ಷರ ಎಲ್ಲಾ ಒಟ್ಗೆ ತೆರೆಯೋದು ಎಂಗೆ?"

ಎಐ ಹೇಳಿತ್ತು: "ಸಂಬಂಧಿತ ಕಡತವನ್ನು ಆಯ್ದುಕೊಂಡು ಎಲ್ಲ ಪದರಗಳನ್ನು ಗೋಚರಗೊಳಿಸಿ."

ಐದು ನಿಮಿಷದ ನಂತರ ಆತ: "ಎಲ್ಲವನ್ನೂ ತೆರವುಗೊಳಿಸಿ ಅಂತ ಇತ್ತಲ್ಲ, ಅದ್ನ ಒತ್ತುದೆ. ಎಲ್ಲಾ ಬೆಳ್ಳಗಾಗೋಯ್ತು. ನನ್ ಅಕ್ಷರ ಎಲ್ಲೋದ್ವು?"

"ಹಿನ್ನೆಲೆಯ ಬಿಳಿ ಬಣ್ಣವನ್ನು ಬದಲಿಸಲು ವರ್ಣಫಲಕವನ್ನು ಬಳಸಿ."

"ಬಣ್ಣ ಬ್ಯಾಡ ಸಾರ್. ಅಕ್ಷರ ಬೇಕು. ಎಂಟು ತಿಂಗ್ಳಿಂದ ಬರ್ದಿದ್ದು."

"ಹೊಸ ಅಕ್ಷರಗಳನ್ನು ಬರೆಯಲು ಕುಂಚವನ್ನು ಆಯ್ದುಕೊಳ್ಳಿ."

"ಇನ್ನೊಂದ್ಸಲ ಬರೆಯಕಾಗಲ್ಲ ಸಾರ್. ಈಗ ನನ್ ಕೈ ನಡುಗ್ತದೆ."

"ಗೆರೆ ನಡುಗುತ್ತಿದ್ದರೆ ಕುಂಚದ ಆಯ್ಕೆಗಳಲ್ಲಿ ‘ಸ್ಥಿರಗೆರೆ’ಯನ್ನು ಹೆಚ್ಚಿಸಿ. ನಿಮ್ಮ ಚಿತ್ರಕಲೆ ಆನಂದದಾಯಕವಾಗಿರಲಿ!"

(ಆ ಕೊನೆಯ ಹಾರೈಕೆ ನಾನು ಬರೆದುಕೊಟ್ಟದ್ದೇ. ಓದುವಾಗ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.)

"ಯಾರಾದ್ರೂ ಮನುಷ್ಯರು ಇದ್ರೆ ಈ ನಂಬರ್‌ಗೆ ಫೋನ್ ಮಾಡಿ ಸಾರ್," ಎಂದು ನಂಬರ್ ಕೊಟ್ಟಿದ್ದರು.

"ನಿಮ್ಮ ಸುರಕ್ಷತೆಗಾಗಿ ದೂರವಾಣಿ ಸಂಖ್ಯೆಯನ್ನು ಹಂಚಿಕೊಳ್ಳಬೇಡಿ. ನಿಮ್ಮ ಪ್ರಶ್ನೆಗೆ ಉತ್ತರ ದೊರೆಯಿತೇ?"

ಅಲ್ಲಿಗೆ ಮುಗಿದಿತ್ತು. ಆತ ಮತ್ತೆ ಏನೂ ಹೇಳಿರಲಿಲ್ಲ. ಕೆಳಗೆ ಹಸಿರು ಟಿಕ್ಕು. ‘ಪರಿಹಾರವಾಗಿದೆ’.

"ಇದ್ಯಾವ ಪರಿಹಾರ ರಮ್ಯಾ?" ಎಂದೆ.

ರಮ್ಯಾಳ ಮುಖ ಬಿಳುಚಿಕೊಂಡಿತ್ತು. "ಒಂದು ದಿನ ಏನೂ ಮಾತಾಡ್ಲಿಲ್ಲ ಅಂದ್ರೆ ಸಮಸ್ಯೆ ಬಗೆಹರೀತು ಅಂತ ಸಿಸ್ಟಮ್ ತಾನೇ ಟಿಕ್ ಹಾಕ್ಬಿಡುತ್ತೆ ಮಿಸ್. ಟಿಕ್ ಬಿದ್ದಿದ್ದನ್ನ ನಾವ್ಯಾರೂ ತೆರೆದು ನೋಡಲ್ಲ."

ಸೋತು ಸುಮ್ಮನಾದವರೂ ಸಮಾಧಾನವಾಗಿ ಸುಮ್ಮನಾದವರೂ ಯಂತ್ರಕ್ಕೆ ಒಂದೇ. ಯಂತ್ರವನ್ನು ಬೈದು ಏನು? ನಮ್ಮ ಮನೆಗಳಲ್ಲಿ ಅಡುಗೆ ಬಡಿಸಿ ಒಳಗೆ ಹೋಗಿ ಸುಮ್ಮನೆ ಕೂರುವ ಹೆಂಗಸರನ್ನು ನಾವೂ ಹಾಗೇ ಲೆಕ್ಕ ಹಾಕುವುದಿಲ್ಲವೆ?

ಮತ್ತೆ ಪರದೆಯತ್ತ ತಿರುಗಿ ಕೇಳಿದೆ: "ಅವರ ಅಕ್ಷರ ಹೋದದ್ದು ಹೋದದ್ದೇನಾ?"

"ಇಲ್ಲ ಮಿಸ್. ಅಳಿಸಿದ್ದೆಲ್ಲ ಟ್ಯಾಬ್ ಒಳಗೆ ಒಂದು ಬುಟ್ಟೀಲಿ ಒಂದು ವಾರ ಇರುತ್ತೆ. ಹೊರಗೆ ತೆಗೀಬಹುದು. ಆದ್ರೆ ಸಾಫ್ಟ್‌ವೇರನ್ನೇ ತೆಗೆದುಹಾಕಿದ್ರೆ, ಇಲ್ಲ ಟ್ಯಾಬ್ ಫಾರ್ಮ್ಯಾಟ್ ಮಾಡಿಸಿದ್ರೆ ಬುಟ್ಟೀನೂ ಹೋಗುತ್ತೆ."

ಆ ಬುಟ್ಟಿಯ ಬಗ್ಗೆಯೂ ನಾನೊಂದು ಪುಟ ಬರೆದಿದ್ದೆ. ಅದರ ಶೀರ್ಷಿಕೆ ‘ತೆರವುಗೊಳಿಸಲಾದ ಅಂಶಗಳ ಮರುಸ್ಥಾಪನೆ’. ‘ನನ್ ಅಕ್ಷರ ಎಲ್ಲೋದ್ವು’ ಎಂದು ಕೇಳುವ ಮನುಷ್ಯನಿಗೆ ಬೇಕಾದದ್ದು ಇದೇ ಪುಟ ಎಂದು ಯಂತ್ರಕ್ಕೆ ಹೊಳೆದಿರಲಿಲ್ಲ. ನನಗಾದರೂ ಹೊಳೆಯುತ್ತಿತ್ತೆ?

ರಮ್ಯಾ ಆ ನಂಬರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. ಹೆಂಗಸಿನ ದನಿ. ಹಿಂದೆ ತಟ್ಟೆಗಳ ಸದ್ದು, ಮಕ್ಕಳ ಗಲಾಟೆ. ಸಿದ್ದರಾಜು ಅವರ ಹೆಂಡತಿ ಜಯಮ್ಮ. ಶಾಲೆಯೊಂದರಲ್ಲಿ ಬಿಸಿಯೂಟ ಮಾಡುವವರು.

"ಅಯ್ಯೋ, ಅವ್ರು ಟ್ಯಾಬ್ ಎತ್ಕೊಂಡು ಮೊಬೈಲ್ ಅಂಗ್ಡಿಗೋಗವ್ರೆ ಕಣಮ್ಮ. ಎಲ್ಲಾ ಒರೆಸಿ ಹೊಸ್ದಾಗಿ ಮಾಡ್ಕೊಡ್ತೀನಿ, ಆಗ ಸರಿಹೋಯ್ತದೆ ಅಂತ ಅಂಗ್ಡಿಯವ್ರು ಅಂದ್ರಂತೆ."

"ಮಾಡಿಸ್ಬೇಡಿ ಅಂತ ಹೇಳಿ ಅಮ್ಮ! ಅವರ ಹತ್ರ ಫೋನ್ ಇದ್ಯಾ?" ಎಂದಳು ರಮ್ಯಾ.

"ಇರೋದೊಂದು ಫೋನು, ಅದು ನನ್ ಕೈಲದೆ. ನಾನೀಗ ಬುಟ್ಟು ಬರಂಗಿಲ್ಲ ತಾಯಿ, ಮಕ್ಳು ತಟ್ಟೆ ಮುಂದೆ ಕೂತವೆ."

ಅಂಗಡಿ ಎಲ್ಲಿ ಎಂದು ಕೇಳಿಕೊಂಡೆವು. ಮಂಡಿ ಮೊಹಲ್ಲಾ. ಬೆಲ್ಲದ ಮಳಿಗೆಗಳ ಸಾಲು ದಾಟಿ ಎಡಕ್ಕೆ, ಹಸಿರು ಶಟರ್.

ರಮ್ಯಾಳ ಸ್ಕೂಟರಿನಲ್ಲಿ ಹಿಂದೆ ಕೂತು ಹೊರಟೆ. ಹೆಲ್ಮೆಟ್ಟು ನನ್ನ ತಲೆಗಿಂತ ದೊಡ್ಡದು. ಹುಣಸೂರು ರಸ್ತೆಯಲ್ಲಿ ಪ್ರತಿ ಸಿಗ್ನಲ್ಲೂ ನಮಗಾಗಿಯೇ ಕಾದು ಕೆಂಪಾದಂತಿತ್ತು. ಜೀವಮಾನದಲ್ಲಿ ಮೊದಲ ಸಲ "ಇನ್ನೂ ಸ್ವಲ್ಪ ಜೋರಾಗಿ ಹೋಗೇ" ಎಂದೆ. ತಲೆಯೊಳಗೆ ಒಂದೇ ಚಿತ್ರ: ಯಾವುದೋ ಬೆರಳು, ಯಾವುದೋ ಬಟನ್ನು, ‘ಖಚಿತವೇ?’ ಎಂಬ ಪ್ರಶ್ನೆ, ‘ಹೌದು’.

ಮಂಡಿ ಮೊಹಲ್ಲಾದ ಆ ಬೀದಿಯಲ್ಲಿ ಲಾರಿಯಿಂದ ಈರುಳ್ಳಿ ಇಳಿಯುತ್ತಿತ್ತು. ಸ್ಕೂಟರ್ ಮುಂದೆ ಹೋಗಲಿಲ್ಲ. ಇಳಿದು ನಡೆದೆವು. ಮೂಟೆಗಳ ಮಧ್ಯೆ ನುಸುಳಿ ಎಡಕ್ಕೆ ತಿರುಗಿದರೆ ಹಸಿರು ಶಟರ್ ಕಂಡಿತು.

ಮುಚ್ಚಿತ್ತು.

ಶಟರಿನ ಮುಂದಿನ ಮೆಟ್ಟಿಲ ಮೇಲೆ ಅರವತ್ತರ ಆಸುಪಾಸಿನ ಒಬ್ಬರು ಖಾಲಿ ಬಟ್ಟೆ ಚೀಲ ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಒಗೆದು ಇಸ್ತ್ರಿ ಮಾಡಿದ ಶರಟು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದರು. ಹಿಡಿದರೂ ಅದು ಸಣ್ಣಗೆ ನಡುಗುತ್ತಿತ್ತು.

"ಸಿದ್ದರಾಜು ಅವರಾ?"

"ಹೌದು ತಾಯಿ. ತಾವು?"

"ಟ್ಯಾಬ್ ಎಲ್ಲಿ?" ರಮ್ಯಾ ಉತ್ತರ ಕೊಡುವ ಬದಲು ಕೇಳಿಯೇಬಿಟ್ಟಳು.

"ಒಳಗದೆ. ಅನ್ವರ್ ಸಾಹೇಬ್ರು ನಮಾಜಿಗೋಗವ್ರೆ. ಶುಕ್ರವಾರ ಅಲ್ವಾ."

"ಒರೆಸೋ ಕೆಲಸ ಶುರು ಮಾಡಿದ್ರಾ?"

"ಅದೇನೋ ಗೊತ್ತಿಲ್ಲ ಕಣಮ್ಮ. ಏನೇನೋ ಒತ್ತಿ ನೋಡುದ್ರು. ಆಮೇಲೆ ವೈರ್ ಸಿಗಿಸಿ, ಬಾಗ್ಲಾಕ್ಕೊಂಡು ಹೋದ್ರು."

ಏನು ಒತ್ತಿದರೋ! ನಾವಿಬ್ಬರೂ ಅದೇ ಮೆಟ್ಟಿಲ ಮೇಲೆ ಕೂತೆವು. ಬೇರೇನು ಮಾಡುವುದು? ನಾವು ಯಾರು, ಎಲ್ಲಿಂದ ಬಂದೆವು ಎಂದು ಹೇಳಿದೆವು.

"ನನ್ ಅಕ್ಷರಕ್ಕೋಸ್ಕರ ಹೂಟಗಳ್ಳಿಯಿಂದ ಬಂದ್ರಾ?" ಎಂದರು ಅವರು. ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಕಾಯುವಾಗ ಅವರು ಹೇಳಿದ್ದಿಷ್ಟು. ನಲವತ್ತು ವರ್ಷ ಅವರು ಈ ಊರಿನ ಅಂಗಡಿಗಳಿಗೆ ಬೋರ್ಡು ಬರೆದರು. ಬಟ್ಟೆ ಅಂಗಡಿಗೆ ಒಂದು ತರಹದ ಅಕ್ಷರ, ಔಷಧಿ ಅಂಗಡಿಗೆ ಇನ್ನೊಂದು, ಹೋಟೆಲಿಗೆ ದುಂಡಗೆ. ಯಾವುದನ್ನೂ ಯಾರೂ ಕಲಿಸಲಿಲ್ಲ. ಕಡೆಯದಾಗಿ ಕೈಯಲ್ಲಿ ಬರೆದದ್ದು ಅವರ ಬೀದಿಯ ಬುದ್ಧ ವಿಹಾರದ ಬೋರ್ಡು, ನೀಲಿ ಮೇಲೆ ಬಿಳಿ. ಅದನ್ನು ಬರೆಯುವಾಗಲೇ ಕೈ ಸಣ್ಣಗೆ ಅಲುಗಲು ಶುರುವಾಗಿತ್ತು. ಇದು ಹೆಚ್ಚುತ್ತಾ ಹೋಗಬಹುದು ಎಂದರು ಡಾಕ್ಟರು.

"ಆಗ ಮಗಳು ಈ ಟ್ಯಾಬ್ ತಂದ್ಕೊಟ್ಳು. ಕೈ ನೆಟ್ಟಗಿರೋವಾಗ್ಲೇ ಎಲ್ಲಾನೂ ಬರೆದಿಟ್ಬುಡಪ್ಪ ಅಂದ್ಳು. ಅ ಇಂದ ಳ ತನಕ, ಕಾಗುಣಿತ, ಒತ್ತು, ಎಲ್ಲಾ. ದಿನಾ ಬೆಳಿಗ್ಗೆ ಕೈ ಸ್ವಲ್ಪ ಸುಮ್ನಿರೋವಾಗ ಕೂತು ಬರೀತಿದ್ದೆ. ಹೋದ್ ವಾರ ಮುಗೀತು. ಎಲ್ಲಾ ಒಟ್ಗೆ ಒಂದ್ಸಲ ನೋಡನಾ ಅಂತ ಆಸೆ ಆಯ್ತು."

ಇನ್ನು ಹೇಳದೆ ಇರುವುದು ಸಾಧ್ಯವಿರಲಿಲ್ಲ. "ಸಿದ್ದರಾಜು ಅವರೇ, ಆ ತೆರವುಗೊಳಿಸಿ ಅನ್ನೋ ಪದ ಬರೆದವಳು ನಾನೇ," ಎಂದೆ.

ಅವರು ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ. "ಅಂಗಂದ್ರೆ ತೆರೆಯೋದು ಅಂತ ಅಲ್ವಾ ಮೇಡಂ? ಎಷ್ಟು ಅಂಗ್ಡಿ ಬಾಗ್ಲಿಗೆ ‘ತೆರೆದಿದೆ’ ಅಂತ ಬರ್ದಿದೀನಿ ನಾನು! ಅದನ್ನೇ ಸ್ವಲ್ಪ ಗೌರವವಾಗಿ ಹೇಳವ್ರೆ ಅಂದ್ಕೊಂಡೆ."

ಮೂವತ್ತು ವರ್ಷ ಪಾಠ ಮಾಡಿದ ನನಗೆ ಅಂದು ಯಾರೋ ಪಾಠ ಮಾಡಿದರು. ತೆರೆ, ತೆರವು. ಎರಡೂ ಪಕ್ಕಪಕ್ಕದಲ್ಲೇ ಇವೆ. ಅರ್ಥಗಳು ಮಾತ್ರ ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿವೆ. ನಿಘಂಟಿನಲ್ಲಿ ಅದು ಕಾಣುತ್ತದೆ. ಬಟನ್ನಿನ ಮೇಲೆ ಎಲ್ಲಿಂದ ಕಾಣಬೇಕು?

ಅಷ್ಟರಲ್ಲಿ ಅನ್ವರ್ ಸಾಹೇಬರು ಬಂದರು. ಬಿಳಿ ಟೋಪಿ, ನಡುವಯಸ್ಸು. ತಮ್ಮ ಅಂಗಡಿ ಮುಂದೆ ಒಬ್ಬರ ಜಾಗದಲ್ಲಿ ಮೂವರು ಕೂತದ್ದು ಕಂಡು ಗಾಬರಿಯಾದರು. ರಮ್ಯಾ ಎದ್ದವಳೇ, "ಫಾರ್ಮ್ಯಾಟ್ ಮಾಡ್ಬಿಟ್ರಾ?" ಎಂದಳು.

"ಇಲ್ಲ ಮೇಡಂ. ಬ್ಯಾಟ್ರಿ ಪೂರ್ತಿ ಖಾಲಿ ಇತ್ತು. ಅರ್ಧಕ್ಕೆ ನಿಂತೋದ್ರೆ ಟ್ಯಾಬೇ ಹೋಗ್ಬಿಡುತ್ತಲ್ಲ, ಅದಕ್ಕೆ ಚಾರ್ಜಿಗೆ ಹಾಕ್ಬಿಟ್ಟು ಹೋದೆ. ಈಗ ಮಾಡ್ಬೇಕು."

"ಮಾಡ್ಬೇಡಿ!" ನಾನು ಮತ್ತು ರಮ್ಯಾ ಒಟ್ಟಿಗೇ ಕೂಗಿದೆವು. ಈರುಳ್ಳಿ ಇಳಿಸುತ್ತಿದ್ದವರು ತಿರುಗಿ ನೋಡಿದರು.

ಶಟರ್ ಮೇಲಕ್ಕೆ ಹೋಯಿತು. ರಮ್ಯಾ ಟ್ಯಾಬ್ ತೆಗೆದುಕೊಂಡು ಕೌಂಟರಿನ ಮೇಲಿಟ್ಟಳು. ಅಲ್ಲಿ ಒತ್ತಿದಳು, ಇಲ್ಲಿ ಒತ್ತಿದಳು. ಪರದೆಯ ಮೇಲೆ ಒಂದು ಉಂಗುರ ತಿರುಗತೊಡಗಿತು. ತಿರುಗಿತು, ತಿರುಗಿತು. ನಾಲ್ಕು ತಲೆಗಳು ಅದರ ಮೇಲೆ ಬಗ್ಗಿದ್ದವು. ಅನ್ವರ್ ಸಾಹೇಬರು ಒಳಗೆ ಬಂದ ಗಿರಾಕಿಗೆ ‘ಒಂದ್ ನಿಮಿಷ’ ಎಂದು ಕೈಸನ್ನೆ ಮಾಡಿದರು.

ಮೊದಲು ‘ಅ’ ಬಂತು.

ಆಮೇಲೆ ‘ಆ’. ‘ಇ’. ಒಂದರ ಹಿಂದೆ ಒಂದು, ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರಗಳು ತುಂಬಿಕೊಂಡವು. ಏನು ಅಕ್ಷರಗಳು ರೀ ಅವು! ತಲೆಕಟ್ಟು ದಪ್ಪವಾಗಿ ಶುರುವಾಗಿ, ಎಲ್ಲಿ ಸಣ್ಣಗಾಗಬೇಕೋ ಅಲ್ಲೇ ಸಣ್ಣಗಾಗುತ್ತಿತ್ತು. ನಾನು ದಿನಾ ಕಪ್ಪುಹಲಗೆ ಮೇಲೆ ಬರೆದ ಅಕ್ಷರಗಳೇ ಅವು. ಆದರೆ ಅವುಗಳನ್ನು ನಾನು ನೋಡಿದ್ದು ಅಂದೇ.

ಸಿದ್ದರಾಜು ಇನ್ನಷ್ಟು ಹತ್ತಿರಕ್ಕೆ ಬಗ್ಗಿದರು. ಆಮೇಲೆ ಕೇಳಿದರು: "ಋ ಅದಾ ನೋಡಿ ತಾಯಿ. ಅದೊಂದಕ್ಕೇ ಹದಿನೈದು ದಿನ ಹಿಡೀತು."

ಋ ಇತ್ತು.

ಅವರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತು, ಎರಡೂ ಕೈಯಿಂದ ಮುಖ ಒರೆಸಿಕೊಂಡರು. ರಮ್ಯಾಳ ಫೋನಿನಿಂದ ಹೆಂಡತಿಗೆ ಕರೆ ಮಾಡಿ ಕೊಟ್ಟೆವು. "ಬಂದ್ಬುಟ್ವು ಕಣೇ. ಎಲ್ಲಾ ಬಂದ್ಬುಟ್ವು," ಎಂದರು. ಅತ್ತ ಜಯಮ್ಮ ಏನಂದರೋ ಗೊತ್ತಿಲ್ಲ. ಇವರು "ಊಂ, ಉಂಡ್ಕತೀನಿ ಬುಡು," ಎಂದು ನಕ್ಕರು. ನಾಲ್ಕು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲವಂತೆ. ನಾನು ಅಂಗಡಿಯ ಹೊರಗೆ ಬಂದೆ. ಹೆಲ್ಮೆಟ್ಟು ಇನ್ನೂ ತಲೆ ಮೇಲೇ ಇದೆ ಎಂದು ಆಗ ಗೊತ್ತಾಯಿತು.

ರಮ್ಯಾ ಅಷ್ಟಕ್ಕೇ ಬಿಡಲಿಲ್ಲ. ಅಕ್ಷರಗಳನ್ನೆಲ್ಲ ಇನ್ನೆರಡು ಕಡೆ ಜೋಪಾನ ಮಾಡಿಕೊಟ್ಟಳು. ಆಮೇಲೆ, "ಅಂಕಲ್, ಒಂದು ಗೆರೆ ಎಳೀರಿ," ಎಂದಳು. ಅವರು ಹಿಂಜರಿದರು. ಎಳೆದರು. ಗೆರೆ ಹುಳ ಹರಿದ ಹಾಗೆ ಬಂತು. ಅವರ ಮುಖ ಬಾಡಿತು. ರಮ್ಯಾ ‘ಸ್ಥಿರಗೆರೆ’ ಎಂಬಲ್ಲಿ ಬೆರಳಿಟ್ಟು ಪೂರ್ತಿ ಮೇಲಕ್ಕೆ ಸರಿಸಿ, "ಈಗ ಎಳೀರಿ," ಎಂದಳು.

ಈ ಸಲ ಗೆರೆ ಅವರ ಕೈಗಿಂತ ಸ್ವಲ್ಪ ಹಿಂದೆ ನಿಧಾನವಾಗಿ ಬಂತು. ನೆಟ್ಟಗೆ.

ಅವರು ಇನ್ನೊಂದು ಎಳೆದರು. ಮತ್ತೊಂದು. ಆಮೇಲೆ ನಡುಗುವ ಕೈಯಲ್ಲೇ ದೊಡ್ಡದೊಂದು ‘ಜ’ ಬರೆದರು. ನಡುಕ ಕಾಣಲಿಲ್ಲ.

"ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ?" ಎಂದರು.

ಹೇಳಿತ್ತು. ಅದೇ ತಮಾಷೆ. ಸೋಮವಾರವೇ ಎಐ ಇದನ್ನೇ ಹೇಳಿತ್ತು. ಆದರೆ ಕಳೆದುಕೊಂಡದ್ದನ್ನು ಹುಡುಕುತ್ತಿರುವ ಮನುಷ್ಯನಿಗೆ ಹೇಳಿತ್ತು. ಅವರ ಕಿವಿಗೆ ಬೀಳುವುದಾದರೂ ಹೇಗೆ? ಸಾವಿನ ಮನೆಗೆ ಬಂದು ಸೈಟಿನ ವಿಚಾರ ಮಾತಾಡುವ ನೆಂಟರನ್ನು ನೀವೂ ನೋಡಿದ್ದೀರಿ. ಅವರು ಹೇಳುವುದರಲ್ಲಿ ಸುಳ್ಳೇನೂ ಇರುವುದಿಲ್ಲ. ಎದುರಿಗಿರುವವರ ಮುಖ ನೋಡಿರುವುದಿಲ್ಲ, ಅಷ್ಟೇ.

ನಾನು ಎಐ ವಿರೋಧಿಯಲ್ಲ. ನವಿಲಿನ ಗರಿಗೆ ಅದು ಹೇಳಿದ ಉತ್ತರವನ್ನು ನಾನು ಹೇಳಲಾರೆ. ಗಂಟೆಗೆ ನೂರು ಜನ ಒಂದೇ ಪ್ರಶ್ನೆ ಕೇಳಿದರೂ ಅದು ಸಿಡುಕುವುದಿಲ್ಲ. (ನಾನು ಎರಡನೇ ಸಲಕ್ಕೇ ಸಿಡುಕುತ್ತಿದ್ದೆ. ನನ್ನ ವಿದ್ಯಾರ್ಥಿಗಳು ಓದುತ್ತಿದ್ದರೆ ಕ್ಷಮಿಸಲಿ.) ಆದರೆ ಅದಕ್ಕೆ ನಾವು ಏನು ಓದಿಸಿದ್ದೇವೆಯೋ ಅದನ್ನೇ ಅದು ಒಪ್ಪಿಸುತ್ತದೆ. ನಾನು ಓದಿಸಿದ್ದು ಸುತ್ತೋಲೆಯ ಕನ್ನಡ. ಮಂಡಿ ಮೊಹಲ್ಲಾದಿಂದ ಬಂದ ಪ್ರಶ್ನೆಗೆ ಅದು ಸುತ್ತೋಲೆ ಓದಿ ಹೇಳಿತು.

ಮುಂದಿನ ಸೋಮವಾರ ಎಲ್ಲರೂ ಹೂಟಗಳ್ಳಿಯ ಆಫೀಸಿನಲ್ಲಿ ಸೇರಿದೆವು. ಸಿದ್ದರಾಜು ಅವರನ್ನೂ ಕರೆಸಿದ್ದರು. ಅವರ ಮುಂದೆ ಒಂದೊಂದೇ ಬಟನ್ ತೋರಿಸಿ "ಇದಕ್ಕೆ ನೀವು ಏನಂತೀರಿ?" ಎಂದು ಕೇಳುತ್ತಾ ಹೋದೆವು. ‘ಪದರ’ ನೋಡಿ, "ಹಾಳೆ ಅನ್ನಿ ಮೇಡಂ. ಹಾಳೆ ಮೇಲೆ ಹಾಳೆ," ಎಂದರು. ಹಾಳೆಯಾಯಿತು. ‘ಕುಂಚ’ ಬ್ರಷ್ ಆಯಿತು. ‘ತೆರವುಗೊಳಿಸಿ’ ಹೋಗಿ ‘ಅಳಿಸಿ’ ಬಂತು. ಅದನ್ನು ಒತ್ತಿದರೆ ಈಗ ‘ಖಚಿತವೇ?’ ಎಂದು ಕೇಳುವುದಿಲ್ಲ. ‘ನೀವು ಬರೆದದ್ದೆಲ್ಲ ಹೋಗುತ್ತದೆ, ಅಳಿಸಲೇ?’ ಎಂದು ಕೇಳುತ್ತದೆ. ಯಾರಾದರೂ ‘ಹೋಯ್ತು’, ‘ಕಾಣ್ತಿಲ್ಲ’, ‘ಎಲ್ಲೋಯ್ತು’ ಎಂದರೆ ಎಐ ಮೊದಲು ಬುಟ್ಟಿ ತೋರಿಸುತ್ತದೆ. ಅರ್ಥವಾಗದಿದ್ದರೆ ‘ನನಗೆ ಅರ್ಥವಾಗಲಿಲ್ಲ’ ಎಂದು ಒಪ್ಪಿಕೊಂಡು, ಮಾತುಕತೆಯನ್ನು ಮನುಷ್ಯರ ಕೈಗೆ ಕೊಡುತ್ತದೆ. ಹಸಿರು ಟಿಕ್ಕು ಹಾಕುವ ಹಕ್ಕು ಇನ್ನು ಕೇಳಿದವರದ್ದು ಮಾತ್ರ.

ಮನುಷ್ಯರ ಕೈಗೆ ಎಂದಾಗ ಕಂಪನಿ ನಡೆಸುವ ಹುಡುಗ ತಲೆ ಕೆರೆದುಕೊಂಡ. ಇರುವುದೇ ಎಂಟು ಜನ, ಫೋನ್ ಎತ್ತುವವರು ಯಾರು?

"ನಾನೆತ್ತೀನಿ," ಎಂದಳು ರಮ್ಯಾ.

ನಿನ್ನೆ ಅವಳಿಗೆ ಫೋನ್ ಮಾಡಿದ್ದೆ. ಮಾತಿನ ಮಧ್ಯೆ ಎರಡು ಸಲ "ಒಂದ್ನಿಮಿಷ ಮಿಸ್, ಇನ್ನೊಂದು ಕಾಲ್" ಎಂದು ನನ್ನನ್ನು ಕಾಯಿಸಿದಳು. ಮೂರನೆಯ ಸಲ ನಾನೇ ಕೇಳಿದೆ, "ಇಷ್ಟೊಂದು ಫೋನ್ ಬಂದ್ರೆ ನಿಂಗೆ ಭಯ ಆಗಲ್ವೇನೇ?"

"ಬಂದ್ರೆ ಆಗಲ್ಲ ಮಿಸ್," ಎಂದಳು. "ಬರದೇ ಇದ್ರೆ ಆಗುತ್ತೆ."